ತುಮಕೂರಲ್ಲೇ ಕೂತು ಫೈರ್ ಸೇಫ್ಟಿ ಕೆಲಸ: ಅಮೆರಿಕ ಶಿಫ್ಟಾ, ಗಲ್ಫಾ, ಇಲ್ಲ ವಸಂತನರಸಾಪುರದ ಸೈಟಾ?

ನಮ್ಮ ಬೀದೀಲಿ ಇವತ್ತಿಗೂ ಅರ್ಧ ಜನ ನಾನು ಫೈರ್ ಸ್ಟೇಷನ್ನಲ್ಲಿ ಕೆಲ್ಸ ಮಾಡ್ತೀನಿ ಅಂದ್ಕೊಂಡಿದಾರೆ, ಎದುರು ಮನೆ ಆಂಟಿ ಅಂತೂ ಗ್ಯಾಸ್ ಟ್ಯೂಬ್ ಯಾವಾಗ ಚೇಂಜ್ ಮಾಡ್ಬೇಕು ಅನ್ನೋದ್ರಿಂದ ಹಿಡಿದು ಮರದಲ್ಲಿ ಕಟ್ಟಿರೋ ಜೇನುಗೂಡಿನ ತನಕ ಎಲ್ಲಾ ನನ್ನೇ ಕೇಳ್ತಾರೆ. ನಾನು ಬೆಂಕಿ ಆರ್ಸೋನಲ್ಲ ಕಣ್ರೀ. ಬೆಂಕಿ ಹತ್ಕೊಂಡ್ರೆ ತಾನಾಗೇ ನೀರು ಬೀಳ್ಬೇಕಲ್ಲ, ಆ ಸ್ಪ್ರಿಂಕ್ಲರ್ ಪೈಪು, ಆ ಅಲಾರಂ, ಅವುಗಳ ಡ್ರಾಯಿಂಗ್ ಮಾಡೋನು. ಮೆಕ್ಯಾನಿಕಲ್ ಡಿಪ್ಲೊಮಾ ಆದ್ಮೇಲೆ ಪೀಣ್ಯ ಕಡೆ ಒಂದು ಡ್ರಾಫ್ಟಿಂಗ್ ಆಫೀಸಿಗೆ ಸೇರಿ, 2020ರ ಲಾಕ್‌ಡೌನಲ್ಲಿ ಸಿಸ್ಟಮ್ ಹೊತ್ಕೊಂಡು ಊರಿಗೆ ಬಂದೋನು, ಆಮೇಲೆ ಮೂರು ಥರದ ಕೆಲಸ ಮಾಡಿ ನೋಡಿದೀನಿ. ಈ ಲೈನಿಗೆ ಬರೋ ಹುಡುಗ್ರು ಯಾವ್ದು ಬೆಟರ್ ಅಂತ ಕೇಳ್ತಾನೇ ಇರ್ತಾರೆ, ಒಬ್ಬೊಬ್ಬರಿಗೆ ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದುಬಿಡೋಣ ಅಂತ.

ಮೊದಲನೇದು ಅಮೆರಿಕ ಶಿಫ್ಟು. ನಮ್ಮ ಕ್ಲೈಂಟು ಟೆಕ್ಸಾಸ್‌ನ ಒಬ್ಬ ಸ್ಪ್ರಿಂಕ್ಲರ್ ಕಾಂಟ್ರಾಕ್ಟರ್. ಅವರ ಬೆಳಿಗ್ಗೆ 8 ಗಂಟೆ ಅಂದ್ರೆ ನಮಗೆ ಸಂಜೆ ಆರೂವರೆ, ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ್ರೆ ಏಳೂವರೆ. ಅಮ್ಮ ದೀಪ ಹಚ್ಚೋ ಹೊತ್ತಿಗೆ ನಾನು ಹೆಡ್‌ಫೋನ್ ಹಾಕ್ಕೊಂಡು ಕೂರ್ತಿದ್ದೆ, ಮಲಗೋವಾಗ ಹಾಲಿನೋನು ಬರ್ತಿದ್ದ. ದುಡ್ಡು ಮಾತ್ರ ಚೆನ್ನಾಗಿತ್ತು, ಕೈಗೆ 45,000 ಬರ್ತಿತ್ತು, ಊರಲ್ಲೇ ಇದ್ದು ಬಾಡಿಗೆ ಇಲ್ಲದೆ ಅಷ್ಟು ಅಂದ್ರೆ ಬೆಂಗಳೂರಲ್ಲಿ ಪಿಜಿಯಲ್ಲಿ ಕೊಳೀತಿದ್ದ ಫ್ರೆಂಡ್ಸ್ ಹೊಟ್ಟೆ ಉರ್ಕೊಳೋರು.

ಕೆಲಸ ಏನಪ್ಪಾ ಅಂದ್ರೆ, ಆರ್ಕಿಟೆಕ್ಟ್ ಪ್ಲಾನ್ ಬರುತ್ತೆ, ಅದರ ಮೇಲೆ ಎನ್‌ಎಫ್‌ಪಿಎ 13 (ಅಮೆರಿಕದ ಬೆಂಕಿ ಸುರಕ್ಷತೆ ಸಂಸ್ಥೆ ಎನ್‌ಎಫ್‌ಪಿಎ, ಅದರ ಸ್ಪ್ರಿಂಕ್ಲರ್ ರೂಲ್ ಬುಕ್ಕು) ಪ್ರಕಾರ ಸ್ಪ್ರಿಂಕ್ಲರ್ ಹೆಡ್, ಅಂದ್ರೆ ನೀರು ಚಿಮ್ಮೋ ಬಾಯಿ, ಇಡ್ಬೇಕು. ಆಫೀಸ್ ಥರದ ಲೈಟ್ ಹಜಾರ್ಡ್ (ಬೆಂಕಿ ಅಪಾಯ ಕಮ್ಮಿ ಇರೋ) ಜಾಗ ಆದ್ರೆ ಒಂದು ಹೆಡ್ಡಿಗೆ ಜಾಸ್ತಿ ಅಂದ್ರೆ 225 ಚದರಡಿ, ಆರ್ಡಿನರಿ ಹಜಾರ್ಡ್ (ಅಪಾಯ ಅದಕ್ಕಿಂತ ಜಾಸ್ತಿ) ಆದ್ರೆ 130. ಆಮೇಲೆ ಪೈಪ್ ಸೈಜು, ಹೈಡ್ರಾಲಿಕ್ ಕ್ಯಾಲ್ಕುಲೇಷನ್ನು, ಅಂದ್ರೆ ನೀರಿನ ಹರಿವು, ಪ್ರೆಶರ್ ಲೆಕ್ಕ. ಇದರಲ್ಲಿ ಒಂದು ತಮಾಷೆ ಇದೆ, ನೀರು ತಲುಪೋಕೆ ಎಲ್ಲಕ್ಕಿಂತ ಕಷ್ಟ ಆಗೋ ಮೂಲೆಗೆ 'ರಿಮೋಟ್ ಏರಿಯಾ' ಅಂತಾರೆ, ಸಾಮಾನ್ಯವಾಗಿ 1,500 ಚದರಡಿ ತಗೊಂಡು ಅಲ್ಲಿನ ಹೆಡ್ಡುಗಳೆಲ್ಲಾ ಒಟ್ಟಿಗೆ ಒಡೆದ್ರೂ ನೀರು ಸಾಲುತ್ತಾ ಅಂತ ಲೆಕ್ಕ ಹಾಕೋದು. ಕೊನೇ ಹೆಡ್ಡಲ್ಲಿ ಕಮ್ಮಿ ಅಂದ್ರೂ 7 ಪಿಎಸ್‌ಐ ಪ್ರೆಶರ್ ಇರ್ಬೇಕು, ಕೆ ಫ್ಯಾಕ್ಟರ್ (ಹೆಡ್ಡು ಎಷ್ಟು ನೀರು ಬಿಡುತ್ತೆ ಅನ್ನೋ ಅಳತೆ) 5.6 ಇರೋ ಮಾಮೂಲಿ ಹೆಡ್ಡಾದ್ರೆ ಆಗ ನಿಮಿಷಕ್ಕೆ 56 ಲೀಟರ್ ಹತ್ರ ನೀರು. ನಾನೂ ರಿಮೋಟು, ಲೆಕ್ಕಾನೂ ರಿಮೋಟು. ಅಡಿ ಇಂಚು ನಂಗೇನು ಕಷ್ಟ ಆಗ್ಲಿಲ್ಲ, ನಮ್ಮ ಗಾರೆ ಕೆಲಸದೋರೂ ಅದ್ರಲ್ಲೇ ಅಲ್ವಾ ಮಾತಾಡೋದು.

ಎಡವಟ್ಟಾಗಿದ್ದು ಬೇರೆ ಕಡೆ. ಒಂದು ಸ್ಕೂಲ್ ಪ್ರಾಜೆಕ್ಟಲ್ಲಿ ಕಾರಿಡಾರ್ ಸೀಲಿಂಗ್ ಒಳಗೆ ನೀಟಾಗಿ ಬ್ರಾಂಚ್ ಲೈನ್ (ಹೆಡ್ಡುಗಳು ಕೂರೋ ಪೈಪು) ಎಳೆದಿದ್ದೆ, ಸ್ಕ್ರೀನ್ ಮೇಲೆ ನೋಡೋಕೆ ಮದುವೆ ಮನೆ ರಂಗೋಲಿ ಥರ ಇತ್ತು. ಅಲ್ಲಿ ಡ್ರಾಯಿಂಗ್ ನೋಡ್ಕೊಂಡೇ ಪೈಪನ್ನ ಶಾಪಲ್ಲಿ ಅಳತೆಗೆ ಕತ್ತರಿಸಿ ಥ್ರೆಡ್ ಹಾಕಿ ಸೈಟಿಗೆ ಕಳಿಸ್ತಾರೆ, ಅಂದ್ರೆ ನಾನಿಲ್ಲಿ ತಪ್ಪು ಗೆರೆ ಎಳೆದ್ರೆ ಅಲ್ಲಿ ತಪ್ಪು ಕಬ್ಬಿಣ ಬಂದಿಳಿಯುತ್ತೆ. ರಾತ್ರಿ ಹನ್ನೊಂದರ ಹೊತ್ತಿಗೆ ಅಲ್ಲಿನ ಫೋರ್‌ಮನ್ ವಿಡಿಯೋ ಕಾಲ್ ಮಾಡ್ದ, ಬೈಲಿಲ್ಲ, ಒಂದು ಮಾತೂ ಆಡದೆ ಫೋನನ್ನ ಸೀಲಿಂಗ್ ಕಡೆ ತಿರುಗಿಸಿದ. ಎಸಿ ಡಕ್ಟು, ಅದರ ಕೆಳಗೆ ಕೇಬಲ್ ಟ್ರೇ, ನನ್ನ ಪೈಪ್ ಹೋಗ್ಬೇಕಾದ ಜಾಗದಲ್ಲಿ ಕೈ ತೂರ್ಸೋಕೂ ಆಗಲ್ಲ. ನಂಗೆ ಕೊಟ್ಟಿದ್ದ ಪ್ಲಾನಲ್ಲಿ ಡಕ್ಟ್ ಎಷ್ಟು ಎತ್ತರದಲ್ಲಿದೆ ಅಂತ ಇರ್ಲಿಲ್ಲ, ಅದು ನಿಜ, ಆದ್ರೆ ಅದನ್ನ ಕೇಳ್ಬೇಕು ಅಂತ ನಂಗೆ ಹೊಳೀಲೂ ಇಲ್ಲ, ಯಾಕಂದ್ರೆ ನಾನು ಅಲ್ಲಿವರ್ಗೂ ಒಂದೇ ಒಂದು ಸೀಲಿಂಗ್ ಒಳಗೂ ತಲೆ ಹಾಕಿ ನೋಡಿದೋನಲ್ಲ. ಎರಡು ವರ್ಷದಿಂದ ಡಿಸೈನರ್ ಅಂತ ಕರೆಸ್ಕೊಂಡು.

ಅವತ್ತಿಂದ ತಲೆಗೆ ಹುಳ ಬಿಟ್ಟಂಗಾಯ್ತು. ಕೆಲವು ತಿಂಗಳು ಬಿಟ್ಟು ಅದನ್ನ ಬಿಟ್ಟೇಬಿಟ್ಟೆ, ನಿದ್ದೆ ಕೆಟ್ಟು ಅಸಿಡಿಟಿ ಬೇರೆ ಶುರುವಾಗಿತ್ತು, ಮನೇಲಿ ಎಲ್ಲರೂ ಬೈದ್ರು.

ಎರಡನೇದು ಸೈಟು. ಕೋರಾ ದಾಟಿ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾ, ಅಲ್ಲಿನ ಫ್ಯಾಕ್ಟರಿಗಳ ಫೈರ್ ಸಿಸ್ಟಮ್ ಎಎಂಸಿ (ವರ್ಷದ ಮೇಂಟೆನೆನ್ಸ್ ಕಾಂಟ್ರಾಕ್ಟ್) ಹಿಡಿದಿದ್ದ ಒಬ್ಬ ಚಿಕ್ಕ ಕಾಂಟ್ರಾಕ್ಟರ್ ಹತ್ರ ಸೇರ್ಕೊಂಡೆ. ಸಂಬಳ 19,000, ಪೆಟ್ರೋಲ್ ನಂದೇ. ಅಪ್ಪ ಎರಡು ದಿನ ಮಾತಾಡ್ಲಿಲ್ಲ.

ಅಲ್ಲಿ ಸಿಕ್ಕಿದ್ದು ಪಂಪಣ್ಣ. ಅದು ಅವರ ಹೆಸರಲ್ಲ, ಪಂಪ್ ರೂಮಲ್ಲೇ ಜೀವನ ಕಳೆದಿದಾರೆ ಅಂತ ನಾವಿಟ್ಟಿದ್ದು. ಓದಿರೋದು ಎಸ್ಸೆಲ್ಸಿ, ಆದ್ರೆ ಪಂಪಿನ ಸೌಂಡ್ ಕೇಳೇ ಬೇರಿಂಗ್ ಹೋಗ್ತಿದೆ ಅಂತ ಹೇಳೋರು. ಮೊದಲನೇ ವಾರ ಟೆಸ್ಟ್ ತೋರಿಸಿದ್ರು. ಆ ಫ್ಯಾಕ್ಟರೀಲಿ ಲೈನ್ ಪ್ರೆಶರ್ 7 ಕೆಜಿಗೆ (ಚದರ ಸೆಂಟಿಮೀಟರಿಗೆ ಲೆಕ್ಕ) ಇಟ್ಟಿದ್ರು. ಡ್ರೈನ್ ವಾಲ್ವ್ ಸ್ವಲ್ಪ ತಿರುಗಿಸ್ತಾರೆ, ಗೇಜ್ ಮುಳ್ಳು ಇಳಿಯುತ್ತೆ, 6ಕ್ಕೆ ಬಂದಂಗೆ ಜಾಕಿ ಪಂಪ್ (ಲೈನ್ ಪ್ರೆಶರ್ ಇಳೀದಂಗೆ ನೋಡ್ಕೊಳೋ ಚಿಕ್ಕ ಪಂಪು) ಟಕ್ ಅಂತ ಸ್ಟಾರ್ಟು, ಇನ್ನೂ ತಿರುಗಿಸಿದ್ರೆ 5ಕ್ಕೆ ದೊಡ್ಡ ಎಲೆಕ್ಟ್ರಿಕ್ ಪಂಪು, ಅದನ್ನ ಆಫ್ ಇಟ್ಟು ನೋಡಿದ್ರೆ 4ಕ್ಕೆ ಡೀಸೆಲ್ ಎಂಜಿನ್ನು ಗುಡುಗಿದಂಗೆ ಎದ್ದು ಕೂರುತ್ತೆ. ಜಾಕಿ ತಾನೇ ನಿಲ್ಲುತ್ತೆ, ಮೇನ್ ಪಂಪ್ ಮಾತ್ರ ತಾನಾಗಿ ನಿಲ್ಲಲ್ಲ, ಮನುಷ್ಯನೇ ಹೋಗಿ ಆಫ್ ಮಾಡ್ಬೇಕು, ಬೆಂಕಿ ಮಧ್ಯೆ ಪಂಪ್ ನಿಂತುಬಿಟ್ರೆ ಏನ್ ಗತಿ. ಇದೆಲ್ಲಾ ನಾನು ಡ್ರಾಯಿಂಗಲ್ಲಿ ಮೂರು ಗುಂಡು ಗೆರೆ ಹಾಕಿ ಮುಗಿಸ್ತಿದ್ದ ಜಾಗ.

ಇನ್ನೊಂದು ಹೇಳ್ಲೇಬೇಕು. ಅಮೆರಿಕದ ಪ್ರತಿ ಡ್ರಾಯಿಂಗಲ್ಲೂ ನಾನೊಂದು ನೋಟ್ ಕಾಪಿ ಪೇಸ್ಟ್ ಮಾಡ್ತಿದ್ದೆ, ಸ್ಪ್ರಿಂಕ್ಲರ್ ಡಿಫ್ಲೆಕ್ಟರ್‌ಗೂ (ನೀರನ್ನ ಹರಡೋ ತಟ್ಟೆ) ಕೆಳಗೆ ಜೋಡಿಸಿರೋ ಸಾಮಾನಿಗೂ ಮಧ್ಯೆ 18 ಇಂಚು ಖಾಲಿ ಬಿಡ್ಬೇಕು ಅಂತ. ನೂರಾರು ಸಲ ಹಾಕಿರ್ತೀನಿ, ಒಂದು ದಿನಾನೂ ಯಾಕೆ ಅಂತ ಯೋಚ್ನೆ ಮಾಡ್ಲಿಲ್ಲ. ಇಲ್ಲಿ ಒಂದು ಗೋಡೌನ್ ಒಳಗೆ ಹೋದ್ರೆ ಮೂಟೆ ಮೇಲೆ ಮೂಟೆ ಹೇರಿ ಹೇರಿ ಕೊನೇ ಸಾಲಿನ ಮೂಟೆ ಸ್ಪ್ರಿಂಕ್ಲರ್‌ನ ಕೆಂಪು ಗಾಜಿಗೆ ಮುತ್ತಿಡೋ ಹಂಗಿತ್ತು. ಆ ಕೆಂಪು ಬಲ್ಬು 68 ಡಿಗ್ರಿಗೆ ಒಡೆಯುತ್ತೆ, ಒಡೆದ್ರೂ ನೀರು ಛತ್ರಿ ಥರ ಹರಡ್ಬೇಕಲ್ಲ, ಇಲ್ಲಿ ಆ ಒಂದು ಮೂಟೆ ಒದ್ದೆ ಆಗುತ್ತೆ, ಪಕ್ಕದ್ದು ಉರೀತಾ ಇರುತ್ತೆ. ಪಂಪಣ್ಣ ಗೋಡೌನ್ ಸೂಪರ್‌ವೈಸರ್‌ಗೆ ಹೇಳಿದ್ರು, ಅವ್ನು ಹೂಂ ಸಾರ್ ತೆಗಿಸ್ತೀವಿ ಅಂದ, ಮುಂದಿನ ತಿಂಗಳು ಹೋದ್ರೆ ಇನ್ನೊಂದು ಸಾಲು ಜಾಸ್ತಿ.

ಮನೇಲಿ ಕೂತು ಮಾಡೋ ಡ್ರಾಯಿಂಗಲ್ಲಿ ಗೋಡೌನ್ ಯಾವಾಗ್ಲೂ ಖಾಲಿ, ಮೆಟ್ಟಿಲು ಯಾವಾಗ್ಲೂ ಖಾಲಿ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿ ದುರಂತ ಜ್ಞಾಪಕ ಇರ್ಬೇಕು ನಿಮ್ಗೆ, 2010ರ ಫೆಬ್ರವರಿ 23, 9 ಜನ ಹೋದ್ರು. ಆ ಬಿಲ್ಡಿಂಗಿಗೂ ಮೆಟ್ಟಿಲು ತೋರಿಸೋ ಪ್ಲಾನು ಇದ್ದೇ ಇರುತ್ತಲ್ಲ. ಅವತ್ತು ಹೊಗೆ ತುಂಬಿದಾಗ ಜನಕ್ಕೆ ಹೊರಗೆ ಬರೋ ದಾರಿ ಸಿಗಲಿಲ್ಲ.

ಸೈಟ್ ಅಂದ್ರೆ ಸ್ವರ್ಗ ಅಂತ ಹೇಳ್ತಿಲ್ಲ. ಬಿಸಿಲು, ಧೂಳು, ಬಿಲ್ ಪಾಸ್ ಆಗದೆ ಸಂಬಳ 20ನೇ ತಾರೀಖು, ಸೇಫ್ಟಿ ಬೆಲ್ಟ್ ಕೇಳಿದ್ರೆ ನಗೋ ಮುಖ, ಒಂದ್ಸಲ ಹೈಡ್ರೆಂಟ್ ಕ್ಯಾಪ್ ಮೊಣಕಾಲಿಗೆ ಬಡಿದು ಹದಿನೈದು ದಿನ ಮನೇಲಿ. ಆ ಹದಿನೈದು ದಿನದ ಸಂಬಳ ಕಟ್. ಒಂದೂವರೆ ವರ್ಷ ಮಾಡ್ದೆ.

ಮಧ್ಯೆ ರಿಮೋಟ್ ಇನ್‌ಸ್ಪೆಕ್ಷನ್ ಅಂತಾನೂ ಒಂದು ಟ್ರಯಲ್ ಆಯ್ತು. ಈಗ ಅದಕ್ಕೂ ಎನ್‌ಎಫ್‌ಪಿಎ 915 ಅಂತ 2024ರಲ್ಲಿ ಸ್ಟ್ಯಾಂಡರ್ಡೇ ಬಂದಿದೆ, ನಾವು ಮಾಡಿದ್ದು ಬರೀ ಮೊಬೈಲ್ ವಿಡಿಯೋ ಕಾಲು. ಬೆಂಗಳೂರಿಂದ ಕನ್ಸಲ್ಟೆಂಟ್ ನೋಡೋದು, ನಾನು ಪಂಪ್ ರೂಮಲ್ಲಿ ಫೋನ್ ಹಿಡ್ಕೊಂಡು ಓಡಾಡೋದು. ಪಂಪ್ ರೂಮ್ ಇರೋದು ನೆಲದ ಕೆಳಗೆ, ಸಿಗ್ನಲ್ ಇಲ್ಲ, ಎರಡು ಸಲ ಕಟ್ ಆಯ್ತು. ಮೂರನೇ ಸಲ ಅವರು ಗ್ಲ್ಯಾಂಡ್ (ಪಂಪಿನ ಶಾಫ್ಟ್ ಹೊರಗೆ ಬರೋ ಕಡೆ ನೀರು ತಡೆಯೋ ಜಾಗ) ಹತ್ರ ತೊಟ್ಟು ತೊಟ್ಟಾಗಿ ನೀರು ಬೀಳೋದು ನೋಡಿ ಲೀಕ್ ಇದೆ ಟೈಟ್ ಮಾಡ್ಸಿ ಅಂದ್ರು. ಪಂಪಣ್ಣ ಫೋನ್ ಕಡೆ ಬಗ್ಗಿ, ಸಾರ್ ಅದು ತೊಟ್ಟಿಕ್ಕಲೇಬೇಕು, ಟೈಟ್ ಮಾಡಿದ್ರೆ ಪ್ಯಾಕಿಂಗ್ ಸುಟ್ಟು ಶಾಫ್ಟ್ ಹಾಳಾಗುತ್ತೆ ಅಂದ್ರು. ಆ ಕಡೆ ಸ್ವಲ್ಪ ಹೊತ್ತು ಸೈಲೆಂಟು, ನೆಟ್‌ವರ್ಕ್ ಹೋಯ್ತೇನೋ ಅಂದ್ಕೊಂಡೆ. ಗೇಜ್ ರೀಡಿಂಗ್ ನೋಡೋಕೆ, ಎಕ್ಸ್‌ಟಿಂಗ್ವಿಶರ್ ಟ್ಯಾಗ್ ಡೇಟ್ ಚೆಕ್ ಮಾಡೋಕೆ ವಿಡಿಯೋ ಸಾಕು, ಓಡೋ ಮೆಷಿನ್‌ಗೆ ಆಗಲ್ಲ.

ಮೂರನೇದು ಈಗ ಮಾಡ್ತಿರೋದು, ಗಲ್ಫು. ಸೌದಿ ಪ್ರಾಜೆಕ್ಟು, ಹೆಚ್ಚಾಗಿ ಹೋಟೆಲ್ಲುಗಳ ಫೈರ್ ಅಲಾರಂ ಡ್ರಾಯಿಂಗು. ಟೈಮಿಂಗ್ ಅಂದ್ರೆ ಇದು ಕಣ್ರೀ, ಅವರ 8 ಗಂಟೆ ನಮ್ಮ ಹತ್ತೂವರೆ, ಸಂಜೆ ಏಳೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಮನುಷ್ಯರ ಥರ ಊಟ ಮಾಡಬಹುದು. ರಂಜಾನ್ ತಿಂಗಳಲ್ಲಿ ಇನ್ನೂ ಕಮ್ಮಿ. ಕೈಗೆ 38,000, ಅಮೆರಿಕಕ್ಕಿಂತ ಕಮ್ಮಿ ಆದ್ರೂ ಡಾಕ್ಟರ್ ಖರ್ಚು ಕಳೆದ್ರೆ ಹತ್ರ ಹತ್ರ ಅಷ್ಟೇ. ಒಂದೇ ತಲೆನೋವು ರಜಾ, ಅವರಿಗೆ ಶುಕ್ರವಾರ ಶನಿವಾರ ವೀಕೆಂಡು, ಭಾನುವಾರ ಫುಲ್ ಕೆಲಸ. ನಮ್ಮೋರ ಮದುವೆ, ನಾಮಕರಣ, ಬೀಗರ ಊಟ ಎಲ್ಲಾ ಬರೋದು ಭಾನುವಾರವೇ, ನಾನು ಛತ್ರದ ಡೈನಿಂಗ್ ಹಾಲ್ ಮೂಲೇಲಿ ಕೂತು ಕಾಲ್ ಅಟೆಂಡ್ ಮಾಡಿದ್ದೂ ಇದೆ, ಹಿಂದೆ ನಾದಸ್ವರ.

ಅಲಾರಂ ಲೆಕ್ಕ ಸ್ಪ್ರಿಂಕ್ಲರ್‌ಗಿಂತ ಬೇರೆ. ಕರೆಂಟ್ ಹೋದ್ರೂ ಪ್ಯಾನೆಲ್ 24 ಗಂಟೆ ಬ್ಯಾಟರೀಲಿ ಇರ್ಬೇಕು, ಅದಾದ್ಮೇಲೂ 5 ನಿಮಿಷ ಎಲ್ಲಾ ಹಾರ್ನ್ ಕೂಗೋ ಶಕ್ತಿ ಉಳೀಬೇಕು, ವಾಯ್ಸ್ ಸಿಸ್ಟಮ್ ಆದ್ರೆ 15 ನಿಮಿಷ. ಹೋಟೆಲ್ ರೂಮಲ್ಲಿ ಮಲಗಿರೋನ ದಿಂಬಿನ ಹತ್ರ 75 ಡೆಸಿಬಲ್ ಸೌಂಡ್ ಕೇಳಿಸ್ಬೇಕು, ಅದು ಎನ್‌ಎಫ್‌ಪಿಎ 72. ಸೌದಿಯ ಹೋಟೆಲ್ಲಿಗೆ 24 ಗಂಟೆ ಬ್ಯಾಕಪ್ ಲೆಕ್ಕ ಹಾಕೋ ನನ್ನ ಮನೆ ಇನ್ವರ್ಟರ್ ಒಂದೂವರೆ ಗಂಟೆಗೆ ಪೀಂ ಅನ್ನುತ್ತೆ. ಮಳೆಗಾಲದಲ್ಲಿ ಬೆಸ್ಕಾಂ ಕರೆಂಟ್ ತೆಗೆದ್ರೆ ಮೊಬೈಲ್ ಹಾಟ್‌ಸ್ಪಾಟೇ ಗತಿ, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಮೌಸ್ ಒಂದು ಕಡೆ, ಕರ್ಸರ್ ಇನ್ನೊಂದು ಕಡೆ. ಯಾರಾದ್ರೂ ಮನೆಯಿಂದ ಈ ಕೆಲಸ ಶುರು ಮಾಡೋದಾದ್ರೆ ಲ್ಯಾಪ್‌ಟಾಪ್‌ಗಿಂತ ಮುಂಚೆ ಇನ್ವರ್ಟರ್‌ಗೆ ದುಡ್ಡು ಹಾಕಿ.

ಬೆಂಗಳೂರಿಗೆ ವಾರಕ್ಕೆ ಎರಡು ದಿನ ಹೋಗಿ ಬರೋ ಹೈಬ್ರಿಡ್ಡೂ ಮೂರು ತಿಂಗಳು ನೋಡ್ದೆ, ನೆಲಮಂಗಲ ಟ್ರಾಫಿಕ್ ಬಗ್ಗೆ ಬರೆಯೋಕೆ ಈ ಜಾಗ ಸಾಲಲ್ಲ, ಬಿಡಿ.

ಹಂಗಾದ್ರೆ ಯಾವ್ದು? ದುಡ್ಡೇ ಮುಖ್ಯ, ವಯಸ್ಸು ಚಿಕ್ಕದು, ನಿದ್ದೆಗೆಟ್ರೂ ನಡೆಯುತ್ತೆ ಅಂದ್ರೆ ಅಮೆರಿಕ, ಅದ್ರಲ್ಲೂ ನೈಸೆಟ್ (ಈ ಲೈನಿನ ಟೆಕ್ನಿಷಿಯನ್‌ಗಳಿಗೆ ಅಮೆರಿಕದಲ್ಲಿ ಕೊಡೋ) ಸರ್ಟಿಫಿಕೇಟ್ ಮಾಡ್ಕೋಬೇಕು ಅಂತಿದ್ರೆ. ಅದು ನಾಲ್ಕು ಲೆವೆಲ್, ಬರೀ ಪರೀಕ್ಷೆ ಸಾಲಲ್ಲ, ಅನುಭವಾನೂ ತೋರಿಸ್ಬೇಕು. ಮನೆ ಮಂದಿ ಜೊತೆ ಬಾಳ್ವೆ ಬೇಕು ಅಂದ್ರೆ ಗಲ್ಫು. ಆದ್ರೆ ಎರಡರಲ್ಲಿ ಯಾವುದನ್ನಾದ್ರೂ ಮೊದಲನೇ ಕೆಲಸ ಮಾಡ್ಕೋಬೇಡಿ ಅಂತೀನಿ ನಾನು, ಮೊದ್ಲು ಒಂದು ವರ್ಷನಾದ್ರೂ ಸೈಟಲ್ಲಿರಿ, 19,000ಕ್ಕಾದ್ರೂ ಸರಿ. ಇದನ್ನ ಒಪ್ಪದೇ ಇರೋ ಫ್ರೆಂಡ್ಸ್ ನಂಗೂ ಇದಾರೆ, ಸೈಟ್ ನೋಡದೇ ಹತ್ತು ವರ್ಷದಿಂದ ಚೆನ್ನಾಗೇ ಡಿಸೈನ್ ಮಾಡ್ತಿದಾರೆ, ಈಗ ತ್ರೀಡಿ ಮಾಡೆಲ್ಲಲ್ಲಿ ಡಕ್ಟು ಪೈಪು ಎಲ್ಲಾ ಡಿಕ್ಕಿ ಹೊಡೆಯೋದು ಮುಂಚೆನೇ ಕಾಣ್ಸುತ್ತೆ ಅಂತ ವಾದ ಮಾಡ್ತಾರೆ. ಕಾಣ್ಸುತ್ತೆ ನಿಜ. ಮೂಟೆ ಕಾಣಲ್ಲ.

ನಂಗೆ ಹೋದ್ ವಾರವೂ ಒಂದು ಲಾಭ ಆಯ್ತು ಈ ಸೈಟ್ ಅನುಭವದಿಂದ. ಸೌದಿ ಡ್ರಾಯಿಂಗಲ್ಲಿ ಅಲಾರಂ ಪ್ಯಾನೆಲ್ಲನ್ನ ರಿಸೆಪ್ಷನ್ ಹಿಂದಿನ ಲಗೇಜ್ ರೂಮಲ್ಲಿ ತೋರಿಸಿದ್ರು. ನಾನು ಕ್ವೆರಿ ಹಾಕ್ದೆ, ಇಲ್ಲಿ ಸೂಟ್‌ಕೇಸ್ ಪೇರಿಸ್ತಾರೆ, ಪ್ಯಾನೆಲ್ ಬಾಗ್ಲು ತೆಗೆಯೋಕಾಗಲ್ಲ ಅಂತ. ಜಾಗ ಬದಲಾಯಿಸಿದ್ರು.

ಶನಿವಾರ ನಂಗೆ ರಜಾ ಅಲ್ವಾ, ಫ್ಯಾಕ್ಟರಿಗಳಿಗಲ್ಲ. ಪಂಪಣ್ಣ ವಾರದ ಡೀಸೆಲ್ ಪಂಪ್ ಟೆಸ್ಟ್ ಅವತ್ತೇ ಇಟ್ಕೊಂಡಿರ್ತಾರೆ, ಅರ್ಧ ಗಂಟೆ ಓಡಿಸ್ಬೇಕು, ನಾನೂ ಹೋಗಿ ಲಾಗ್‌ಬುಕ್ ಬರೆದುಕೊಟ್ಟು ಬರ್ತೀನಿ, ದುಡ್ಡಿಗಲ್ಲ. ಚಿಕ್ಕಪ್ಪನ ಮಗ ಈ ವರ್ಷ ಡಿಪ್ಲೊಮಾ ಮುಗಿಸಿದ, ಅಣ್ಣಾ ನಂಗೂ ಮನೆಯಿಂದ ಮಾಡೋ ಕೆಲ್ಸ ಕೊಡ್ಸು ಅಂತ ಹಿಂದೆ ಬಿದ್ದಿದ್ದ, ಶನಿವಾರ ಬಾರೋ ಅಂದೆ. ಚಪ್ಪಲಿ ಹಾಕ್ಕೊಂಡು ಬಂದ. ಪಂಪಣ್ಣ ಪಂಪ್ ರೂಮ್ ಬಾಗ್ಲಲ್ಲೇ ನಿಲ್ಸಿ ಕಾಲು ನೋಡಿ ವಾಪಸ್ ಕಳಿಸಿದ್ರು. ಮುಂದಿನ ಶನಿವಾರ ಶೂ ಹಾಕ್ಕೊಂಡು ಬರ್ತೀನಿ ಅಂದಿದಾನೆ, ನೋಡೋಣ.