ಚಪ್ಪರದ ಕ್ಯಾಂಪರೋ, ಪೆಟ್ಟಿಗೆ ಕ್ಯಾಂಪರೋ? ಔಟ್‌ಬ್ಯಾಕ್‌ಗೆ ಎರಡನ್ನೂ ಎಳೆದು ನೋಡಿದ ಮೇಲೆ

ಅಡಿಲೇಡ್‌ಗೆ ಬಂದು ಏಳು ವರ್ಷ ಆಗಿದ್ದರೂ ಔಟ್‌ಬ್ಯಾಕ್ ಅನ್ನೋ ಆಸ್ಟ್ರೇಲಿಯಾದ ಒಳನಾಡಿನ ಬಯಲನ್ನು ನಾವು ನೋಡಿದ್ದು ವಿಮಾನದ ಕಿಟಕಿಯಿಂದ ಮಾತ್ರ. ಕೊನೆಗೊಮ್ಮೆ ಹೋಗೇಬಿಡೋಣ ಅಂತ ಕೂತಾಗ ನಾನೂ ನನ್ನ ಗಂಡನೂ ಮೂರು ವಾರ ಒಂದೇ ವಿಷಯಕ್ಕೆ ಕಿತ್ತಾಡಿದೆವು. ಕಾರಿನ ಹಿಂದೆ ಎಳೆದೊಯ್ದು, ಬಿಚ್ಚಿ ಮಲಗುವ ಕ್ಯಾಂಪರ್ ಟ್ರೇಲರ್ ಯಾವುದನ್ನು ಬಾಡಿಗೆಗೆ ತರೋದು? ಹಾಸಿಗೆ ಎಷ್ಟು ದಪ್ಪ, ಫ್ರಿಜ್ ಎಷ್ಟು ಲೀಟರ್, ಬಿಸಿನೀರು ಬರುತ್ತದಾ ಇಲ್ವಾ, ಎಲ್ಲ ವಿಚಾರಿಸಿದೆವು. ಕೇಳಬೇಕಾಗಿದ್ದ ಒಂದು ಪ್ರಶ್ನೆ ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ: ಇದನ್ನು ಎಷ್ಟು ಬೆಳಗ್ಗೆಗಳಲ್ಲಿ ಮಡಚಬೇಕು?

ಎರಡು ಬಗೆಯದನ್ನೂ ಎಳೆದುಕೊಂಡು ಹೋಗಿ ಬಂದಾಯಿತು. ಮನೆಯಲ್ಲಿ ಅವಕ್ಕೆ ನಾವಿಟ್ಟ ಹೆಸರು ಚಪ್ಪರ ಮತ್ತು ಪೆಟ್ಟಿಗೆ.

ಚಪ್ಪರ ಅಂದರೆ ಸಾಫ್ಟ್ ಫ್ಲೋರ್ ಕ್ಯಾಂಪರ್. ಪುಟ್ಟ ಟ್ರೇಲರ್ ಮೇಲೆ ಹಾಸಿಗೆ ಇರುತ್ತದೆ. ಮುಚ್ಚಳ ತೆಗೆದು ಕ್ಯಾನ್ವಾಸ್ ಎಳೆದರೆ ಪಕ್ಕಕ್ಕೆ ದೊಡ್ಡ ಡೇರೆ ಬಿಚ್ಚಿಕೊಳ್ಳುತ್ತದೆ. ಡೇರೆಯ ನೆಲ ಪ್ಲಾಸ್ಟಿಕ್ ಹಾಳೆ, ಅದು ನೇರವಾಗಿ ಮಣ್ಣಿನ ಮೇಲೆ. ಪೆಟ್ಟಿಗೆ ಅಂದರೆ ಫಾರ್ವರ್ಡ್ ಫೋಲ್ಡ್. ಗಟ್ಟಿ ಮುಚ್ಚಳದ ಟ್ರಂಕಿನ ಹಾಗೆ. ಕೈಯಿಂದ ವಿಂಚ್ ತಿರುಗಿಸಿದರೆ ಮೇಲ್ಭಾಗ ಮುಂದಕ್ಕೆ ಮಗುಚಿ, ಕಾರಿಗೆ ಸಿಕ್ಕಿಸುವ ಮೂತಿಯ ಮೇಲೆ ಹಾಸಿಗೆಯಾಗಿ ಕೂರುತ್ತದೆ. ಹಿಂದಿನ ಭಾಗದಲ್ಲಿ ಕೂರಲು ಸೋಫಾ, ನಡುವೆ ಮೇಜು. ಮೇಜು ಇಳಿಸಿದರೆ ಇನ್ನೊಂದು ಹಾಸಿಗೆ. ನೆಲ ಗಟ್ಟಿ, ಮಣ್ಣಿಗೆ ತಾಗುವುದಿಲ್ಲ.

ಚಪ್ಪರವನ್ನು ಸೆಪ್ಟೆಂಬರ್ ರಜೆಯಲ್ಲಿ ಫ್ಲಿಂಡರ್ಸ್ ರೇಂಜಸ್ ಬೆಟ್ಟಸಾಲಿಗೆ ಒಯ್ದೆವು. ನಾನು, ಗಂಡ, ಮಗ. ಪೆಟ್ಟಿಗೆಯನ್ನು ಮರುವರ್ಷ ಜುಲೈಯಲ್ಲಿ ಊಡ್ನಡಾಟಾ ಟ್ರ್ಯಾಕ್ ಅನ್ನೋ ಮಣ್ಣಿನ ದಾರಿಗೆ ಎಳೆದೆವು. ಆಗ ದಾವಣಗೆರೆಯಿಂದ ಅಪ್ಪ ಬಂದಿದ್ದರು. ಮೂವತ್ತು ವರ್ಷ ಲಾರಿ ಓಡಿಸಿದವರು. ಅವರಿಂದ ಕಲಿತದ್ದು ಬಾಡಿಗೆ ಕೊಟ್ಟವರು ಹೇಳಿದ್ದಕ್ಕಿಂತ ಜಾಸ್ತಿ.

ಮೊದಲು ಬಿಚ್ಚುವ, ಮಡಚುವ ವಿಷಯ. ಚಪ್ಪರವನ್ನು ಫ್ಲಿಂಡರ್ಸ್‌ನ ವಿಲ್ಪೀನಾ ಪೌಂಡ್ ಹತ್ತಿರದ ಕ್ಯಾಂಪ್‌ನಲ್ಲಿ ಮೊದಲ ಸಂಜೆ ಬಿಚ್ಚಲು ಒಂದು ಗಂಟೆ ಹತ್ತು ನಿಮಿಷ ಬೇಕಾಯಿತು. ಯಾವ ಕಂಬ ಎಲ್ಲಿಗೆ ಅಂತ ಗೊತ್ತಿಲ್ಲ. ನೆಲ ಕಲ್ಲು ಕಲ್ಲು. ಮಾಮೂಲಿ ಗೂಟಗಳು ಸುತ್ತಿಗೆ ಏಟಿಗೆ ಬಗ್ಗಿಹೋದವು. ಪಕ್ಕದ ಬಿಡಾರದ ಹಿರಿಯರೊಬ್ಬರು ಬಂದು ಉದ್ದನೆಯ ಸ್ಕ್ರೂಗಳನ್ನು ಡ್ರಿಲ್‌ನಿಂದ ನೆಲಕ್ಕೆ ತಿರುಗಿಸಿ ಕೊಟ್ಟರು. ಹತ್ತು ಸೆಕೆಂಡಿಗೆ ಒಂದು. ಬ್ಯಾಟರಿ ಡ್ರಿಲ್ ಇಲ್ಲದೆ ಚಪ್ಪರ ಒಯ್ಯಬೇಡಿ ಅಂತ ಈಗ ನಾನೇ ಎಲ್ಲರಿಗೂ ಹೇಳುತ್ತೇನೆ. ಎರಡನೇ ಸಲಕ್ಕೆ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ಮುಂದಿನ ನೆರಳಿನ ಭಾಗವನ್ನೂ ಕಟ್ಟಿದರೆ ಇನ್ನೊಂದು ಇಪ್ಪತ್ತು. ಮಡಚುವುದು ಮಾತ್ರ ಕೊನೆಯವರೆಗೂ ಮುಕ್ಕಾಲು ಗಂಟೆಗಿಂತ ಕಡಿಮೆ ಆಗಲೇ ಇಲ್ಲ. ಮದುವೆ ಮನೆಯ ಶಾಮಿಯಾನ ಕಟ್ಟುವಾಗಿನ ಉತ್ಸಾಹ ಬಿಚ್ಚುವಾಗ ಯಾರಿಗೆ ಇರುತ್ತದೆ?

ಪೆಟ್ಟಿಗೆ ಹನ್ನೆರಡು ನಿಮಿಷದಲ್ಲಿ ತಯಾರು. ಕತ್ತಲಾದ ಮೇಲೆ ತಲುಪಿದರೂ ಚಿಂತೆಯಿಲ್ಲ. ಅಲ್ಲಿ ಕತ್ತಲಲ್ಲಿ ಗಾಡಿ ಓಡಿಸುವುದೇ ತಪ್ಪು ಅನ್ನಿ, ಸಂಜೆ ಮತ್ತು ನಸುಕಿನಲ್ಲಿ ಕಾಂಗರೂಗಳು ಎಲ್ಲಿಂದ ಹಾರುತ್ತವೆ ಅಂತ ಹೇಳೋಕಾಗಲ್ಲ. ಬೆಳಗ್ಗೆ ಮಡಚಲು ಇಪ್ಪತ್ತೈದು ನಿಮಿಷ. ಅದರಲ್ಲೂ ಅರ್ಧ ಸಮಯ ಹೊರಗೆ ಇಣುಕುವ ಕ್ಯಾನ್ವಾಸ್ ಅಂಚನ್ನು ಒಳಗೆ ತುರುಕುವುದಕ್ಕೇ. ತುರುಕದೆ ಮುಚ್ಚಿದರೆ ರಬ್ಬರ್ ಸೀಲ್ ಕೂರುವುದಿಲ್ಲ, ಧೂಳು ಹಾಸಿಗೆಗೇ ಬರುತ್ತದೆ.

ಈಗ ಲೆಕ್ಕ ಹಾಕಿ. ಫ್ಲಿಂಡರ್ಸ್‌ನಲ್ಲಿ ಎಂಟು ರಾತ್ರಿ, ಎರಡೇ ಜಾಗ. ವಿಲ್ಪೀನಾದಲ್ಲಿ ನಾಲ್ಕು, ಬ್ರಾಚಿನಾ ಕಣಿವೆಯ ಕಡೆ ನಾಲ್ಕು. ಮಡಚಿದ್ದು ಎರಡೇ ಬಾರಿ. ಉಳಿದ ಬೆಳಗ್ಗೆಗಳಲ್ಲಿ ಕಾಫಿ ಕುಡಿದು ಬೆಟ್ಟ ಹತ್ತಲು ಹೊರಟೆವು. ಡೇರೆ ದೊಡ್ಡದು, ಮಗನ ಮಂಚ, ಮಡಚುವ ಕುರ್ಚಿ, ಚೌಕಾಬಾರ ಆಡಲು ಜಾಗ, ಎಲ್ಲ ಒಳಗೇ. ಅಲ್ಲಿಂದ ಕಾರು ಬಿಚ್ಚಿಕೊಂಡು ದಿನವಿಡೀ ತಿರುಗಬಹುದಿತ್ತು. ಬ್ರಾಚಿನಾ ಕಣಿವೆಯ ಬಂಡೆಗಳನ್ನು ನೋಡುವುದಕ್ಕೇ ಒಂದು ದಿನ ಸಾಲದು. ಎಡಿಯಾಕರನ್ ಅನ್ನುವ ಭೂಮಿಯ ಇತಿಹಾಸದ ಕಾಲಘಟ್ಟಕ್ಕೆ ಆ ಹೆಸರು ಬಂದಿದ್ದು ಇದೇ ಫ್ಲಿಂಡರ್ಸ್‌ನ ಬೆಟ್ಟಗಳಿಂದ. ಊಡ್ನಡಾಟಾದಲ್ಲಿ ಹಾಗಲ್ಲ. ಮರ್ರೀಯಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಮಣ್ಣಿನ ದಾರಿ. ದಿನಾ ಒಂದು ಹೊಸ ಜಾಗ. ಅಲ್ಲಿ ಚಪ್ಪರ ಇದ್ದಿದ್ದರೆ ನಾನೂ ಗಂಡನೂ ಮಾತು ಬಿಟ್ಟಿರುತ್ತಿದ್ದೆವು.

ಇಷ್ಟು ಕೇಳಿ ಪೆಟ್ಟಿಗೆಯೇ ಸರಿ ಅಂದುಕೊಳ್ಳಬೇಡಿ. ಭಾರದ ಕಥೆ ಕೇಳಿ.

ನಮ್ಮದು ಪಜೇರೋ ಸ್ಪೋರ್ಟ್. ಬ್ರೇಕ್ ಇರುವ ಟ್ರೇಲರ್ ಆದರೆ 3,100 ಕಿಲೋ ಎಳೆಯಬಹುದು ಅಂತ ಪುಸ್ತಕದಲ್ಲಿದೆ. ಚಪ್ಪರ ಸಾಮಾನು ಸಮೇತ 1,250 ಕಿಲೋ, ಪೆಟ್ಟಿಗೆ 1,940. ಎರಡೂ ಸಲೀಸು ಅಂದುಕೊಂಡೆವು. ಹೊರಡುವ ಹಿಂದಿನ ದಿನ ಅಪ್ಪ ಪೆಟ್ಟಿಗೆ ಸಿಕ್ಕಿಸಿದ ಕಾರನ್ನು ಒಂದು ಸುತ್ತು ಹಾಕಿ, ಹಿಂದಿನ ಬಂಪರ್ ನೋಡಿ, ‘ಅಲ್ಲವ್ವಾ, ಮೂತಿ ಭಾರ ಜಾಸ್ತಿ ಆಗೈತಲ್ಲ. ಮುಂದಿನ ಗಾಲಿ ನೆಲ ಹಿಡಿಯಂಗಿಲ್ಲ’ ಅಂದರು. ಅವರ ಮಾತು ಸರಿ. ಈ ಬಗೆಯ ಟ್ರೇಲರಿನಲ್ಲಿ ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನು, ಡೀಸೆಲ್ ಕ್ಯಾನು, ಫ್ರಿಜ್ ಎಲ್ಲ ಮೂತಿಯ ಮೇಲಿನ ಡಬ್ಬಿಯಲ್ಲೇ. ಕಾರಿನ ಕೊಕ್ಕೆಯ ಮೇಲೆ ಬೀಳುವ ಭಾರ ಒಟ್ಟು ಟ್ರೇಲರ್ ತೂಕದ ಹತ್ತರಲ್ಲಿ ಒಂದು ಪಾಲು ಇರಬೇಕು ಅನ್ನೋದು ಇಲ್ಲಿನ ರೂಢಿಯ ಲೆಕ್ಕ. ನಮ್ಮದು 235 ಕಿಲೋ ಇತ್ತು. ಅದು ಕಾರಿನ ಮೇಲೆ ಹೇರಿದ ಸಾಮಾನಿನ ಲೆಕ್ಕಕ್ಕೇ ಸೇರುತ್ತದೆ. ನಾಲ್ಕು ಜನ, ಚಾವಣಿ ಕ್ಯಾರಿಯರ್, ಬುಲ್ ಬಾರ್ ಅನ್ನೋ ಮುಂದಿನ ಗಟ್ಟಿ ಗಾರ್ಡು, ಎಲ್ಲ ಕೂಡಿದರೆ ಎಳೆಯುವ ಶಕ್ತಿ ಇದ್ದೂ ಹೊರುವ ಶಕ್ತಿ ಮುಗಿದಿರುತ್ತದೆ. ಸಾರ್ವಜನಿಕ ವೇಬ್ರಿಡ್ಜ್‌ಗೆ ಹೋಗಿ ತೂಗಿಸಿದೆವು. ಎರಡು ನೀರಿನ ಕ್ಯಾನನ್ನು ಹಿಂದಕ್ಕೆ ಸಾಗಿಸಿ, ಅಪ್ಪ ತಂದಿದ್ದ ಹತ್ತು ಕಿಲೋ ಅಕ್ಕಿಯಲ್ಲಿ ಎಂಟು ಕಿಲೋ ಮನೆಯಲ್ಲೇ ಬಿಟ್ಟೆವು. ಚಪ್ಪರ ಒಯ್ದಾಗ ಇದ್ಯಾವ ತಲೆನೋವೂ ಇರಲಿಲ್ಲ.

ಕಾನೂನಿನ ಒಂದು ಮಾತು. ಟ್ರೇಲರಿನ ಗಾಲಿಗಳ ಮೇಲಿನ ಭಾರ 750 ಕಿಲೋ ದಾಟಿದರೆ ಅದಕ್ಕೆ ಬ್ರೇಕ್ ಇರಲೇಬೇಕು. ಎರಡು ಟನ್ ದಾಟಿದರೆ ಎಲ್ಲ ಗಾಲಿಗೂ ಬ್ರೇಕ್ ಬೇಕು, ಜೊತೆಗೆ ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯುವ ಸಾಧನವೂ ಬೇಕು. ನಮ್ಮ ಎರಡರಲ್ಲೂ ಎಲೆಕ್ಟ್ರಿಕ್ ಬ್ರೇಕ್ ಇತ್ತು, ಆದರೆ ಅದನ್ನು ನಡೆಸುವ ಕಂಟ್ರೋಲರ್ ಕಾರಿನಲ್ಲಿರಬೇಕು. ಬಾಡಿಗೆ ಲೆಕ್ಕದಲ್ಲಿ ಆ ಖರ್ಚು ಯಾರೂ ಹೇಳುವುದಿಲ್ಲ.

ಡೀಸೆಲ್ ವಿಷಯದಲ್ಲೂ ಚಪ್ಪರವೇ ಮೇಲು. ನೂರು ಕಿಲೋಮೀಟರಿಗೆ ಚಪ್ಪರ ಎಳೆದಾಗ 12.5 ಲೀಟರ್, ಪೆಟ್ಟಿಗೆ ಎಳೆದಾಗ 15.5. ವಾಪಸ್ ಬರುವಾಗ ಸ್ಟುವರ್ಟ್ ಹೈವೇಯಲ್ಲಿ ಎದುರುಗಾಳಿ ಸಿಕ್ಕಿ 17 ಆಯಿತು. ನಮ್ಮ ಟ್ಯಾಂಕ್ 68 ಲೀಟರ್. ಆ ಹೈವೇಯಲ್ಲಿ ಕೂಬರ್ ಪೀಡಿ ದಾಟಿದ ಮೇಲೆ ಗ್ಲೆಂಡಾಂಬೋವರೆಗೆ ಸುಮಾರು 250 ಕಿಲೋಮೀಟರ್ ಬಂಕ್ ಇಲ್ಲ. ಹೆದರುವಂಥದ್ದೇನಲ್ಲ, ಆದರೆ ಮುಳ್ಳನ್ನು ನೋಡುತ್ತಲೇ ಕೂತಿದ್ದೆ. ಊಡ್ನಡಾಟಾ ದಾರಿಯಲ್ಲಿ ಮರ್ರೀ, ವಿಲಿಯಂ ಕ್ರೀಕ್, ಊಡ್ನಡಾಟಾ, ಮಾರ್ಲಾ, ನಾಲ್ಕು ಕಡೆ ಡೀಸೆಲ್ ಸಿಗುತ್ತದೆ. ಒಂದರಿಂದ ಒಂದಕ್ಕೆ ಹೆಚ್ಚುಕಮ್ಮಿ 200 ಕಿಲೋಮೀಟರ್. ಇಪ್ಪತ್ತು ಲೀಟರಿನ ಒಂದು ಕ್ಯಾನ್ ಸಾಕು.

ರಸ್ತೆ? ತಗಡಿನ ಶೀಟನ್ನು ಅಡ್ಡ ಹಾಸಿದ ಹಾಗೆ ಅಲೆ ಅಲೆ. ಗಾಡಿಯ ಟೈರಿಗೆ 28, ಟ್ರೇಲರಿಗೆ 25 ಪಿಎಸ್‌ಐಗೆ ಗಾಳಿ ಇಳಿಸಿ, 70ರ ಮೇಲೆ ಹೋಗದೆ ನಡೆಸಿದೆವು. ಗಾಳಿ ಇಳಿಸುವ ಮುಂಚಿನ ಇಪ್ಪತ್ತು ಕಿಲೋಮೀಟರಲ್ಲೇ ಪೆಟ್ಟಿಗೆಯ ಕಪಾಟಿನ ಮೂರು ಸ್ಕ್ರೂ ಉದುರಿದ್ದವು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಾನಾಗಿ ತಿರುಗಿ ಬಿಚ್ಚಿಕೊಂಡಿತ್ತು. ಚಪ್ಪರದಲ್ಲಿ ಬಿಚ್ಚಿಹೋಗುವಂಥ ಸಾಮಾನೇ ಕಡಿಮೆ. ವಿಲಿಯಂ ಕ್ರೀಕ್ ದಾಟಿದ ಮೇಲೆ ಟ್ರೇಲರಿನ ಟೈರ್ ಒಂದು ಹರಿಯಿತು. ಆಗ ನೋಡಿದರೆ ಟ್ರೇಲರ್ ಗಾಲಿಯ ಬೋಲ್ಟ್ ತೂತುಗಳೂ ಕಾರಿನದ್ದೂ ಬೇರೆ ಬೇರೆ. ಒಂದರ ಸ್ಟೆಪ್ನಿ ಇನ್ನೊಂದಕ್ಕೆ ಬರುವುದಿಲ್ಲ. ಬಾಡಿಗೆಗೆ ಕೊಟ್ಟವರು ಇಟ್ಟಿದ್ದು ಒಂದೇ ಸ್ಟೆಪ್ನಿ, ಅದೂ ಸವೆದದ್ದು. ಊಡ್ನಡಾಟಾ ಮುಟ್ಟುವವರೆಗೆ ಅಪ್ಪ ಪ್ರತಿ ಅರ್ಧ ಗಂಟೆಗೆ ಇಳಿದು ಟೈರ್ ಮುಟ್ಟಿ ಬಿಸಿ ನೋಡುತ್ತಿದ್ದರು. ಬಾಡಿಗೆಗೆ ತರುವ ಮುಂಚೆ ಬೋಲ್ಟ್ ಎಣಿಸಿ. ನಾವು ಹೋಗುವ ಮಣ್ಣಿನ ದಾರಿಯ ಹೆಸರನ್ನು ಕರಾರಿನಲ್ಲಿ ಬರೆಸಿಕೊಳ್ಳಿ.

ರಾತ್ರಿ ಮಲಗುವ ವಿಷಯದಲ್ಲಿ ವಯಸ್ಸಾದವರಿದ್ದರೆ ಯೋಚನೆಯೇ ಬೇಡ, ಪೆಟ್ಟಿಗೆ. ಚಪ್ಪರದಲ್ಲಿ ಹಾಸಿಗೆಗೆ ಏಣಿ ಹತ್ತಬೇಕು. ನಡುರಾತ್ರಿ ಎದ್ದು, ಏಣಿ ಇಳಿದು, ಡೇರೆಯ ಜಿಪ್ ಹುಡುಕಿ, ಚಪ್ಪಲಿ ಹುಡುಕಿ... ನನಗೇ ಕಷ್ಟ ಆಗಿತ್ತು. ಪೆಟ್ಟಿಗೆಯಲ್ಲಿ ಅಪ್ಪ ಸೋಫಾ ಹಾಸಿಗೆಯಿಂದ ಎದ್ದು ಮೂರು ಮೆಟ್ಟಿಲು ಇಳಿದರೆ ಹೊರಗೆ. ಚಳಿಗೆ ಎರಡೂ ಒಂದೇ, ಕ್ಯಾನ್ವಾಸ್ ಕ್ಯಾನ್ವಾಸೇ. ಜುಲೈ ರಾತ್ರಿ ಸೊನ್ನೆಯ ಹತ್ತಿರ ಹೋಗುತ್ತದೆ. ಅಪ್ಪ ಮಂಕಿ ಕ್ಯಾಪ್ ತೆಗೆದಿದ್ದು ಕೌವರ್ಡ್ ಸ್ಪ್ರಿಂಗ್ಸ್‌ನ ಬೆಚ್ಚನೆ ಒರತೆಯ ತೊಟ್ಟಿಯಲ್ಲಿ ಕೂತಾಗ ಮಾತ್ರ. ಬೇಸಿಗೆಯಲ್ಲಿ ಬನ್ನಿ ಅಂತ ಯಾರಾದರೂ ಕರೆದರೆ ಒಪ್ಪಬೇಡಿ. 1960ರ ಜನವರಿಯಲ್ಲಿ ಇದೇ ಊಡ್ನಡಾಟಾದಲ್ಲಿ 50.7 ಡಿಗ್ರಿ ದಾಖಲಾಗಿದೆ.

ಮಳೆ ಬಂದಾಗ ಏನು ಅನ್ನೋದು ಮರ್ರೀಯಲ್ಲಿ ಗೊತ್ತಾಯಿತು. ರಾತ್ರಿ ಸಣ್ಣ ಜಿಟಿಜಿಟಿ. ಬೆಳಗ್ಗೆ ರಸ್ತೆ ಫಲಕದಲ್ಲಿ ‘ಮುಚ್ಚಿದೆ’. ಮುಚ್ಚಿದ ರಸ್ತೆಗೆ ಗಾಡಿ ಇಳಿಸಿದರೆ ದಂಡ ದೊಡ್ಡದು. ಅದಕ್ಕಿಂತ ಹೆಚ್ಚಾಗಿ, ಒದ್ದೆ ಮಣ್ಣಲ್ಲಿ ನಾವು ಕೊರೆದ ಹಳ್ಳ ಒಣಗಿ ಮುಂದಿನವರಿಗೆ ಕಂಟಕ ಆಗುತ್ತದೆ. ಒಂದು ದಿನ ಅಲ್ಲೇ ಕೂತೆವು. ಗಟ್ಟಿ ನೆಲದ ಮೇಲೆ ಒಣಗಿದ ಕಾಲುಚೀಲದಲ್ಲಿ ಕೂತು ಉಪ್ಪಿಟ್ಟು ತಿಂದೆವು. ಚಪ್ಪರ ಆಗಿದ್ದರೆ ಕೆಂಪು ಕೆಸರು ಒಳಗೆ ಬಂದು, ನೆಲದ ಹಾಳೆ ಮಡಚುವಾಗ ಅರ್ಧ ಮರ್ರೀ ಮನೆಗೆ ಬರುತ್ತಿತ್ತು. ಫ್ಲಿಂಡರ್ಸ್‌ನಲ್ಲಿ ಬರೀ ಇಬ್ಬನಿಗೇ ಒದ್ದೆಯಾದ ಕ್ಯಾನ್ವಾಸನ್ನು ಮಡಚಿ ತಂದು, ಮನೆ ಮುಂದೆ ಮತ್ತೆ ಬಿಚ್ಚಿ ಒಣಗಿಸಿದ್ದೆವು. ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

ಆ ದಿನ ಅಪ್ಪ ಮರ್ರೀಯ ಹಳೇ ರೈಲು ನಿಲ್ದಾಣವನ್ನೂ ಒಂಟೆ ಸಾಗಿಸುತ್ತಿದ್ದವರು ಕಟ್ಟಿದ ಮಸೀದಿಯ ಮಾದರಿಯನ್ನೂ ಎರಡೆರಡು ಸಲ ನೋಡಿ ಬಂದರು. ಅವರನ್ನೆಲ್ಲ ‘ಆಫ್ಘನ್ನರು’ ಅಂತಲೇ ಕರೆದರೂ, ಅವರಲ್ಲಿ ಎಷ್ಟೋ ಜನ ಆಗಿನ ಬ್ರಿಟಿಷ್ ಇಂಡಿಯಾದ ಪಂಜಾಬ್, ಸಿಂಧ್, ಬಲೂಚಿಸ್ತಾನದಿಂದ ಬಂದವರು. ‘ಸಾಮಾನು ಸಾಗಿಸೋ ಕೆಲಸಕ್ಕೆ ಆಗಲೇ ನಮ್ಮ ಕಡೆಯವರೇ ಬೇಕಾಗಿದ್ರು ನೋಡು’ ಅಂದರು ಅಪ್ಪ, ಲಾರಿಯವರ ಹೆಮ್ಮೆಯಿಂದ.

ಅಡುಗೆಗೆ ಎರಡೂ ಅಷ್ಟಕ್ಕಷ್ಟೇ. ಒಲೆ ಹೊರಗಡೆ ಎಳೆಯುವ ಡ್ರಾಯರಿನಲ್ಲಿ. ಗಾಳಿಗೆ ಒಗ್ಗರಣೆ ಸಾಸಿವೆ ಸಿಡಿಯುವ ಮುಂಚೆ ಉರಿ ಆರುತ್ತದೆ. ಚಪ್ಪರದ ನೆರಳಿನ ಪರದೆ ಗಾಳಿಗೆ ಸ್ವಲ್ಪ ತಡೆ ಕೊಡುತ್ತದೆ ಅಷ್ಟೇ. ಕುಕ್ಕರ್ ಒಯ್ಯಿರಿ, ಗ್ಯಾಸೂ ನೀರೂ ಉಳಿಯುತ್ತವೆ.

ಊಡ್ನಡಾಟಾದಲ್ಲಿ ಒಂದು ರಾತ್ರಿ ಇನ್ನೊಂದು ಕುಟುಂಬದವರ ಕಾರಿನ ಚಾವಣಿ ಡೇರೆಯಲ್ಲಿ ಮಗ ಮಲಗಿ ನೋಡಿದ. ಅವನಿಗೆ ಖುಷಿಯೋ ಖುಷಿ. ನನಗೆ ಬೇಡ. ಹಾಲು ತರಲು ಕಾರು ತೆಗೆಯಬೇಕೆಂದರೆ ಮನೆಯನ್ನೇ ಮಡಚಬೇಕು.

ದುಡ್ಡು: ಚಪ್ಪರಕ್ಕೆ ದಿನಕ್ಕೆ 85 ಡಾಲರ್ ಕೊಟ್ಟೆವು, ಪೆಟ್ಟಿಗೆಗೆ 150. ಡೀಸೆಲ್ ವ್ಯತ್ಯಾಸ ಬೇರೆ.

ಮೊದಲ ಸಲ ಹೊರಡುವವರು ನನ್ನನ್ನು ಕೇಳಿದರೆ, ಕ್ಯಾಲೆಂಡರ್ ತೆಗೆದು ರಾತ್ರಿಗಳನ್ನೂ ಜಾಗಗಳನ್ನೂ ಬರೆಯಿರಿ ಅನ್ನುತ್ತೇನೆ. ಒಂದೊಂದು ಜಾಗಕ್ಕೆ ಮೂರು ರಾತ್ರಿ ಬರುತ್ತಿದ್ದರೆ ಚಪ್ಪರ. ದಿನಾ ಹೊರಡುವುದಾದರೆ ಪೆಟ್ಟಿಗೆ, ಆದರೆ ಮೊದಲು ವೇಬ್ರಿಡ್ಜ್. ಮೊದಲ ಪ್ರವಾಸಕ್ಕೆ ನನ್ನ ಓಟು ಚಪ್ಪರ ಮತ್ತು ಫ್ಲಿಂಡರ್ಸ್‌ಗೇ. ವಿಲ್ಪೀನಾವರೆಗೆ ಅಡಿಲೇಡ್‌ನಿಂದ ಪೂರ್ತಿ ಟಾರ್ ರಸ್ತೆ, ಸುಮಾರು 430 ಕಿಲೋಮೀಟರ್. ಏನಾದರೂ ಕೆಟ್ಟರೆ ಸಹಾಯಕ್ಕೆ ಜನ ಸಿಗುತ್ತಾರೆ. ಹಗುರ ಟ್ರೇಲರ್ ಆದ್ದರಿಂದ ರಿವರ್ಸ್ ತೆಗೆಯಲು ಬರದಿದ್ದರೆ ಕಳಚಿ ಕೈಯಲ್ಲೇ ತಳ್ಳಬಹುದು. ನಾವು ಎರಡು ಸಲ ತಳ್ಳಿದ್ದೇವೆ.

ಬರುವ ಏಪ್ರಿಲ್‌ಗೆ ಮತ್ತೆ ಚಪ್ಪರವನ್ನೇ ಬುಕ್ ಮಾಡಿದ್ದೇವೆ. ಅಪ್ಪ ಬರುತ್ತೇನೆ ಅಂದರೆ ಬದಲಾಯಿಸಬೇಕಾಗುತ್ತದೆ. ಫೋನಿನಲ್ಲಿ ಅವರು ಕೇಳಿದ್ದು ಒಂದೇ: ‘ಈ ಸಲ ಸ್ಟೆಪ್ನಿ ಎಷ್ಟು ಕೊಡ್ತಾರಂತೆ?’