ಹೊಂಗೆಮರದ ಕೆಳಗಿನ ಸೊಪ್ಪಿನ ಅಂಗಡಿ, ಸರಸ್ವತಿಪುರಂ: ಮೂರು ತಿಂಗಳು ತೂಕ ಹಾಕಿ ನೋಡಿದ ಮೇಲೆ

ಈ ಅಂಗಡಿಗೆ ಬೋರ್ಡಿಲ್ಲ. ಮೈಸೂರಿನ ಸರಸ್ವತಿಪುರಂನ ಒಂದು ಅಡ್ಡರಸ್ತೆಯಲ್ಲಿ ಹೊಂಗೆಮರದ ಕೆಳಗೆ ಟಾರ್ಪಾಲು ಕಟ್ಟಿಕೊಂಡು ಗಂಡ ಹೆಂಡತಿ ಇಬ್ಬರು ಸೊಪ್ಪು, ತರಕಾರಿ, ಒಂದಿಷ್ಟು ಹಣ್ಣು ಮಾರುತ್ತಾರೆ, ಅಷ್ಟೇ. ಮೂರು ತಿಂಗಳಿಂದ ನಮ್ಮ ಮನೆಗೆ ಬೇಕಾದ ಹಣ್ಣು ತರಕಾರಿ ಪೂರ್ತಿ ಇಲ್ಲಿಂದಲೇ ತರುತ್ತಿದ್ದೇನೆ. ಹೇಗಿದೆ ಅಂತ ಪಕ್ಕದ ಬೀದಿಯವರೂ ಕೇಳಿದರು, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಾನು ಯಾವ ಕಣ್ಣಿನಿಂದ ನೋಡಿದೆ ಅಂತ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಯಿತು. ಆಪರೇಷನ್ ಆಗಿ ಈಗ ಚೆನ್ನಾಗಿದ್ದಾರೆ. ಆಪರೇಷನ್ ಆದ ಹೊಸದರಲ್ಲಿ ಡಾಕ್ಟರು ಕೆಲವು ವಾರ ಸೊಪ್ಪು, ನಾರಿರುವ ತರಕಾರಿ ಕೊಡಬೇಡಿ, ಕರುಳು ಸುಧಾರಿಸಿಕೊಳ್ಳಲಿ ಅಂದಿದ್ದರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಶುರುಮಾಡಿ, ಇನ್ನುಮುಂದೆ ತಟ್ಟೆಯಲ್ಲಿ ಅದೇ ಜಾಸ್ತಿ ಇರಲಿ ಅಂದರು. ಮಕ್ಕಳಾದ ನಮಗೂ ಹೇಳಿದರು: ನೀವೂ ಹೀಗೇ ತಿನ್ನಿ, ನಲವತ್ತು ದಾಟಿದ ಮೇಲೆ ಕೊಲೊನೋಸ್ಕೋಪಿನೂ (ಕ್ಯಾಮೆರಾ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿಸಿಕೊಳ್ಳಿ, ಸೊಪ್ಪು ತಿಂತೀವಿ ಅಂತ ಪರೀಕ್ಷೆ ಬಿಡಬೇಡಿ. ನಾನು ಮಾಡಿಸಿಕೊಂಡೆ. ತಮ್ಮ ಇನ್ನೂ ಮುಂದೂಡುತ್ತಿದ್ದಾನೆ. ಅವನು ಇದನ್ನು ಓದಿದರೆ ಇವತ್ತೇ ಫೋನ್ ಮಾಡಲಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ ಕಡಿಮೆ ಅಂದರೂ 400 ಗ್ರಾಂ ಹಣ್ಣು ತರಕಾರಿ. ಆಲೂಗಡ್ಡೆ, ಗೆಣಸು ಇದರಲ್ಲಿ ಲೆಕ್ಕಕ್ಕಿಲ್ಲ. ಮನೆಯಲ್ಲಿ ನಾವು ನಾಲ್ಕು ಜನ. ಅಂದರೆ ದಿನಕ್ಕೆ 1.6 ಕಿಲೋ, ವಾರಕ್ಕೆ 11 ಕಿಲೋ ಚಿಲ್ಲರೆ. ನಾವು ಮೊದಲಿಂದ ಎಷ್ಟು ತಿನ್ನುತ್ತಿದ್ದೆವು ಅಂತ ಒಂದು ವಾರ ಅಡುಗೆಮನೆಯಲ್ಲಿ ತೂಕದ ಮೆಷಿನ್ ಇಟ್ಟು ನೋಡಿದೆ. ಸಸ್ಯಾಹಾರಿಗಳು, ತರಕಾರಿ ಬಿಟ್ಟು ಇನ್ನೇನು ತಿಂತೀವಿ ಅಂದುಕೊಂಡಿದ್ದೆ. ಅರ್ಧಕ್ಕೂ ಬರಲಿಲ್ಲ! ಸಾರಿನಲ್ಲಿ ನಾಲ್ಕು ಹೋಳು, ಪಲ್ಯ ಅಂತ ತಟ್ಟೆಯ ಅಂಚಿಗೆ ಒಂದು ಚಮಚ, ಉಳಿದದ್ದೆಲ್ಲ ಅನ್ನ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧ ತರಕಾರಿ, ಹಣ್ಣು ಇರಲಿ ಅಂತ ಹೇಳಿದ್ದಾರೆ. ನಮ್ಮ ತಟ್ಟೆಯಲ್ಲಿ ಅನ್ನವೇ ಮುಕ್ಕಾಲು ಇತ್ತು.

ಹಾಗಾಗಿ ನಾನು ಅಂಗಡಿಗೆ ಕೇಳುವ ಪ್ರಶ್ನೆ ಒಂದೇ. ವಾರಕ್ಕೆ 11 ಕಿಲೋ, ಬೇರೆ ಬೇರೆ ಬಗೆಯದ್ದು, ತಿನ್ನಬೇಕು ಅನ್ನಿಸುವಷ್ಟು ತಾಜಾ ಇರುವುದು, ನಮ್ಮ ಕೈಗೆಟುಕುವ ಬೆಲೆಗೆ ಸಿಗುತ್ತದಾ?

ಸಿಗುತ್ತದೆ. ಸೊಪ್ಪಿನ ವಿಷಯದಲ್ಲಂತೂ ಈ ಅಂಗಡಿಗೆ ಸಮ ನಾನು ಹತ್ತಿರದಲ್ಲಿ ನೋಡಿಲ್ಲ. ಇದಕ್ಕೆ ಮುಂಚೆ ಮನೆಗೆ ತಂದುಕೊಡುವ ಒಂದು ಆ್ಯಪಿನಲ್ಲಿ ತರಿಸುತ್ತಿದ್ದೆ. ಅಲ್ಲಿ ಪಾಲಕ್, ಮೆಂತ್ಯ, ಕೊತ್ತಂಬರಿ, ಮುಗಿಯಿತು. ಇಲ್ಲಿ ಒಂದೇ ವಾರದಲ್ಲಿ ದಂಟು, ಕೀರೆ, ಸಬ್ಬಸಿಗೆ, ಚಕ್ಕೋತ, ಹೊನಗೊನ್ನೆ, ನುಗ್ಗೆ, ಬಸಳೆ ಎಲ್ಲಾ ಸಿಕ್ಕಿತು. ನಂಜನಗೂಡಿನ ಕಡೆಯ ತಮ್ಮ ಊರಿಂದ ಬೆಳಿಗ್ಗೆ ಕಿತ್ತು ತರುತ್ತಾರೆ. ಕಟ್ಟು ಬಿಚ್ಚಿದರೆ ಬೇರಿನಲ್ಲಿ ಹಸಿ ಮಣ್ಣು ಇರುತ್ತದೆ, ದಂಟು ಮುರಿದರೆ ಚಟ್ ಅಂತ ಸದ್ದು ಬರುತ್ತದೆ. ಹತ್ತು ಹದಿನೈದು ರೂಪಾಯಿಗೆ ಒಂದು ಕಟ್ಟು. ಒಂದು ದಿನ ದಂಟಿನ ಕಟ್ಟನ್ನು ತೂಗಿದೆ: 310 ಗ್ರಾಂ. ಬೇರು, ಹಳದಿ ಎಲೆ, ಬಲಿತ ಕಡ್ಡಿ ತೆಗೆದ ಮೇಲೆ 190. ಬೇಯಿಸಿದರೆ ಒಂದು ಬಟ್ಟಲು. ನಾಲ್ಕು ಜನಕ್ಕೆ ಒಂದು ಕಟ್ಟು ಸಾಕು ಅಂತ ಇಷ್ಟು ವರ್ಷ ನಾನು ಅಂದುಕೊಂಡಿದ್ದು ಎಷ್ಟು ತಪ್ಪು ನೋಡಿ. ಈಗ ಮೂರು ಕಟ್ಟು ತರುತ್ತೇನೆ.

ಅಂಗಡಿಯ ಅಕ್ಕನಿಗೆ ಸುಳ್ಳು ಹೇಳಿ ಮಾರುವ ಬುದ್ಧಿ ಇಲ್ಲ. "ಪಾಲಕ್ ಬ್ಯಾಡ ಕಣವ್ವ, ನೆನ್ನೇದು. ಕೀರೆ ತಕ್ಕೋ, ಬೆಳಿಗ್ಗೆ ಕಿತ್ತದ್ದು" ಅಂತ ಅವರೇ ಹೇಳುತ್ತಾರೆ. ಯಾವುದನ್ನು ಏನು ಮಾಡಬೇಕು ಅಂತಲೂ ಹೇಳುತ್ತಾರೆ. ನಾನು ಬಸ್ಸಾರು ಮಾಡುವುದನ್ನು ಬಿಟ್ಟೇಬಿಟ್ಟಿದ್ದೆ, ಮತ್ತೆ ಶುರುವಾಗಿದ್ದು ಅವರಿಂದ. ಸೊಪ್ಪು, ಹೆಸರುಕಾಳು ಬೇಯಿಸಿ ಬಸಿದರೆ ನೀರು ಸಾರಿಗೆ, ಸೊಪ್ಪು ಕಾಳು ಪಲ್ಯಕ್ಕೆ. ಸೊಪ್ಪಿನಲ್ಲಿರುವ ಫೋಲೇಟ್ ಅನ್ನುವ ಬಿ ವಿಟಮಿನ್, ಸಿ ವಿಟಮಿನ್ ನೀರಿನಲ್ಲಿ ಕರಗುತ್ತವೆ, ಬೇಯಿಸಿದ ನೀರು ಚೆಲ್ಲಿದರೆ ಅವೂ ಒಂದಿಷ್ಟು ಹೋದ ಹಾಗೆ. ಬಸ್ಸಾರಿನಲ್ಲಿ ಆ ನೀರು ತಟ್ಟೆಗೇ ಬರುತ್ತದೆ. ಬಿಸಿಗೆ ಸಿ ವಿಟಮಿನ್ ಸ್ವಲ್ಪ ಹಾಳಾಗುತ್ತದೆ, ಅದಕ್ಕೆ ಪಕ್ಕದಲ್ಲಿ ಒಂದು ಹಸಿ ಕೋಸಂಬರಿ ಇರಲಿ.

ಹಣ್ಣು ಇಲ್ಲಿ ಕಡಿಮೆ. ಸೀಬೆ, ಪರಂಗಿ, ಏಲಕ್ಕಿ ಬಾಳೆ, ಕಾಲಕ್ಕೆ ನೇರಳೆ, ಬೆಟ್ಟದ ನೆಲ್ಲಿಕಾಯಿ. ಹೊರದೇಶದ ಸ್ಟಿಕ್ಕರ್ ಸೇಬು ಇಲ್ಲ, ಬೇಕಾಗೂ ಇಲ್ಲ. ಕಿಲೋಗೆ ಅರವತ್ತು ರೂಪಾಯಿಯ ಸೀಬೆಯಲ್ಲಿ ಕಿತ್ತಳೆಗಿಂತ ಜಾಸ್ತಿ ಸಿ ವಿಟಮಿನ್ ಇದೆ, ನೂರು ಗ್ರಾಂಗೆ ಐದು ಗ್ರಾಂ ಆದರೂ ನಾರು ಇದೆ. ಈ ನಾರಿನ ಮೇಲೆ ನನಗೆ ಯಾಕೆ ಇಷ್ಟು ಪ್ರೀತಿ ಅಂದರೆ, ಕರುಳಿನ ಕ್ಯಾನ್ಸರಿಗೆ ಅಡ್ಡ ನಿಲ್ಲುವುದರಲ್ಲಿ ಇದರ ಪಾತ್ರಕ್ಕೆ ಬೇರೆ ಎಷ್ಟೋ ಹೆಸರಾಂತ ಪದಾರ್ಥಗಳಿಗಿಂತ ಗಟ್ಟಿ ಆಧಾರ ಇದೆ. ನಾರು ನಮಗೆ ಜೀರ್ಣ ಆಗಲ್ಲ, ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಬ್ಯುಟಿರೇಟ್ ಅನ್ನುವ ಆಮ್ಲ ಮಾಡುತ್ತವೆ, ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ. ಮಲ ಸಲೀಸಾಗಿ, ಬೇಗ ಹೊರಗೆ ಹೋಗುತ್ತದೆ, ಬೇಡದ್ದು ಕರುಳಿಗೆ ತಾಗಿಕೊಂಡು ಬಹಳ ಹೊತ್ತು ಕೂರಲ್ಲ. ಜ್ಯೂಸ್ ಮಾಡಿ ಸೋಸಿದರೆ ಈ ನಾರೇ ಜರಡಿಯಲ್ಲಿ ಉಳಿಯುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಹಣ್ಣನ್ನು ಕಚ್ಚಿಯೇ ತಿನ್ನುವುದು.

ಈಗ ದೂರುಗಳು.

ಚೀಲ ಕೊಟ್ಟರೂ ಪ್ಲಾಸ್ಟಿಕ್ ಕವರಿಗೆ ಹಾಕಿಯೇ ಕೊಡುತ್ತಾರೆ, ಪ್ರತಿಸಲ ಹೇಳಬೇಕು. ನೆಲ್ಲಿಕಾಯಿ ಆರಿಸಲು ಬಿಡಲ್ಲ, ರಾಶಿಯ ಅಡಿಯದು ಏಟು ಬಿದ್ದಿರುತ್ತದೆ. ಪರಂಗಿ ಹೆಚ್ಚಿ ತಟ್ಟೆಯಲ್ಲಿ ಮುಚ್ಚದೆ ಇಡುತ್ತಾರೆ, ಅದನ್ನು ತೆಗೆದುಕೊಳ್ಳಬೇಡಿ, ಇಡೀ ಹಣ್ಣು ತನ್ನಿ. ಮಳೆಗಾಲದಲ್ಲಿ ಸೊಪ್ಪು ನೆಂದಿರುತ್ತದೆ, ಮನೆಗೆ ಬಂದ ತಕ್ಷಣ ಬಿಚ್ಚಿ ಬಟ್ಟೆಯ ಮೇಲೆ ಹರಡದಿದ್ದರೆ ಬೆಳಿಗ್ಗೆಗೆ ಕೊಳೆತಿರುತ್ತದೆ. ಔಷಧಿ ಹೊಡೆದಿರುತ್ತಾರಾ ಅಂತ ಕೇಳಿದೆ. "ಹೂಕೋಸಿಗೆ ಹೊಡೀತಾರೆ, ಸೊಪ್ಪಿಗೆ ನಾವು ಹೊಡೆಯಲ್ಲ" ಅಂದರು. ನಾನು ಎಲ್ಲವನ್ನೂ ಮೂರು ನೀರಿನಲ್ಲಿ ತೊಳೆಯುತ್ತೇನೆ. ಔಷಧಿ ಭಯಕ್ಕೆ ತರಕಾರಿ ತಿನ್ನುವುದನ್ನೇ ಕಡಿಮೆ ಮಾಡುವವರನ್ನು ನೋಡಿದ್ದೇನೆ, ಹಾಗೆ ಮಾತ್ರ ಮಾಡಬೇಡಿ.

ದೊಡ್ಡ ದೂರು ಬೇರೆ ಇದೆ. ಒಂದು ದಿನ ಲಕ್ಷ್ಮಣಫಲ ಇಟ್ಟಿದ್ದರು, ಮುಳ್ಳುಮುಳ್ಳಾದ ಹಸಿರು ಹಣ್ಣು. ಕಿಲೋಗೆ 300 ರೂಪಾಯಿ. "ಕ್ಯಾನ್ಸರಿಗೆ ಬಾರಿ ಒಳ್ಳೇದಂತೆ, ನಿಮ್ಮ ತಂದೇರಿಗೆ ತಕ್ಕೊಂಡೋಗವ್ವ" ಅಂದರು. ಅವರು ಕೇಡು ಬಯಸಿ ಹೇಳಿದ್ದಲ್ಲ, ಯಾರೋ ಅವರ ಮೊಬೈಲಿಗೆ ಕಳಿಸಿದ್ದರು. ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿ ಅನ್ನುವ ಆ ಮೆಸೇಜು ನಿಮಗೂ ಬಂದಿರುತ್ತದೆ ಅಲ್ವಾ? ಮನುಷ್ಯರಲ್ಲಿ ಅದು ಕ್ಯಾನ್ಸರ್ ವಾಸಿ ಮಾಡಿದೆ ಅನ್ನುವುದಕ್ಕೆ ಆಧಾರವೇ ಇಲ್ಲ. ಅದರಲ್ಲಿರುವ ಅನೊನಾಸಿನ್ ಅನ್ನುವ ವಸ್ತು ನರಕೋಶಗಳಿಗೆ ವಿಷ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಕಷಾಯ ಜಾಸ್ತಿ ಬಳಸುವವರಲ್ಲಿ ಪಾರ್ಕಿನ್ಸನ್ (ಕೈಕಾಲು ನಡುಗುವ, ಬಿಗಿಯುವ ಕಾಯಿಲೆ) ತರಹದ ಕಾಯಿಲೆ ಕಂಡಿದ್ದು 1999ರಲ್ಲೇ ವರದಿಯಾಗಿದೆ. ಯಾವಾಗಲೋ ಒಂದು ಹೋಳು ರುಚಿಗೆ ತಿನ್ನುವುದು ಬೇರೆ, ಔಷಧಿ ಅಂತ ದಿನಾ ತಿನ್ನಿಸುವುದು ಬೇರೆ. ಅಪ್ಪನ ಕೀಮೋ ನಡೆಯುವಾಗ ನಾನೇ ಇನ್ನೊಂದು ಕಡೆ 1,800 ರೂಪಾಯಿ ಕೊಟ್ಟು ಹಸಿರು ಪುಡಿಯ ಡಬ್ಬ ತಂದಿದ್ದೆ, ಡಾಕ್ಟರು ನೋಡಿ ತಕ್ಷಣ ನಿಲ್ಲಿಸಿದರು. ಹೆದರಿದ ಮನೆಯವರು ಏನು ಹೇಳಿದರೂ ನಂಬುತ್ತಾರೆ. ಇದನ್ನೆಲ್ಲ ಅಕ್ಕನಿಗೆ ಬಿಡಿಸಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ ಆ ಹಣ್ಣು ಅಂಗಡಿಯಲ್ಲಿ ಕಾಣಲಿಲ್ಲ. ಇದಕ್ಕೇ ಒಂದು ನಕ್ಷತ್ರ ಜಾಸ್ತಿ ಕೊಡುತ್ತೇನೆ.

ನನಗೆ ಸಂಕಟ ಆಗುವುದು ಅಕ್ಕನ ಗಂಡ, ಅಂಗಡಿಯ ಅಣ್ಣನನ್ನು ನೋಡಿದರೆ. ಬೆಳಗಿಂದ ಸಂಜೆ ತನಕ ಬಾಯಲ್ಲಿ ಎಲೆ, ಅಡಿಕೆ, ಕಡ್ಡಿಪುಡಿ. "ನಾನು ದಿನಾ ಸೊಪ್ನ ಸಾರೇ ಉಣ್ಣೋದು ಕಣವ್ವ, ನಂಗೇನಾದದು" ಅಂತಾರೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ವರ್ಷಗಟ್ಟಲೆ ಒಂದು ಮಾತ್ರೆ ಕೊಟ್ಟು ನೋಡಿದ್ದರು, ಕ್ಯಾರೆಟ್, ಸೊಪ್ಪಿನಲ್ಲಿ ಇರುತ್ತದಲ್ಲ, ಆ ಬೀಟಾ ಕ್ಯಾರೋಟಿನ್. 1994ರಲ್ಲಿ ಫಲಿತಾಂಶ ಬಂತು. ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚೇ ಆಗಿತ್ತು. ತರಕಾರಿಯ ಸಾರ ಮಾತ್ರೆಯಲ್ಲಿ ಬರಲ್ಲ, ಹೊಗೆಯನ್ನು ಅದು ಅಳಿಸಲೂ ಇಲ್ಲ. ಅಡಿಕೆ ಕೂಡ, ತಂಬಾಕು ಸೇರಿಸದಿದ್ದರೂ, ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಇಪ್ಪತ್ತು ವರ್ಷ ಆಯಿತು. ಅಡಿಕೆ ಬೆಳೆಯುವ ನಾಡಿನವಳಾಗಿ ಇದನ್ನು ಬರೆಯಲು ನನಗೂ ಕಷ್ಟ. ಆದರೂ ಅಣ್ಣನಿಗೆ ಹೇಳಿದೆ, ಬಾಯೊಳಗೆ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ಇದ್ದರೆ ತೋರಿಸಿ ಅಂತ. ಹೆಂಡತಿ ಪಕ್ಕದಿಂದ "ಹೇಳವ್ವ, ಇನ್ನೂ ಹೇಳು" ಅಂದರು. ಈಗ ಕಡ್ಡಿಪುಡಿ ಬಿಟ್ಟಿದ್ದಾರಂತೆ. ಎಲೆ ಅಡಿಕೆ ಬಿಟ್ಟಿಲ್ಲ. ನಾನು ಹೇಳುವುದನ್ನು ಬಿಟ್ಟಿಲ್ಲ.

ತರಕಾರಿ ತಿಂದರೆ ಕ್ಯಾನ್ಸರ್ ಬರೋದೇ ಇಲ್ವಾ ಅಂತ ಪಕ್ಕದ ಮನೆಯವರು ಕೇಳಿದರು. ಹಾಗಲ್ಲ. ಯುರೋಪಿನ ಹತ್ತು ದೇಶಗಳ ದೊಡ್ಡ ಅಧ್ಯಯನ 2010ರಲ್ಲಿ ಬಂತು, ದಿನಕ್ಕೆ 200 ಗ್ರಾಂ ಹೆಚ್ಚು ಹಣ್ಣು ತರಕಾರಿ ತಿಂದವರಲ್ಲಿ ಒಟ್ಟು ಕ್ಯಾನ್ಸರ್ ಕಡಿಮೆ ಕಂಡಿದ್ದು ಶೇ 3ರಷ್ಟು ಮಾತ್ರ. ಸಣ್ಣದು. ಆದರೆ ಅದೇ ತಟ್ಟೆ ಹೃದಯಕ್ಕೂ ಒಳ್ಳೆಯದು, ತೂಕವನ್ನೂ ಹಿಡಿತದಲ್ಲಿ ಇಡುತ್ತದೆ, ಮತ್ತೆ ಬೊಜ್ಜು ಕೂಡ ಹಲವು ಕ್ಯಾನ್ಸರಿಗೆ ಕಾರಣ. ಆಸ್ಪತ್ರೆ ಕಾರಿಡಾರಿನಲ್ಲಿ ರಾತ್ರಿ ಕಳೆದ ನನಗೆ ಶೇ 3 ಕೂಡ ಬೇಕು.

ಖರ್ಚು: ನಾಲ್ಕು ಜನಕ್ಕೆ ವಾರಕ್ಕೆ 650ರಿಂದ 800 ರೂಪಾಯಿ ಆಗುತ್ತಿದೆ. ಮೊದಲಿಗಿಂತ ಜಾಸ್ತಿಯೇ. ಅಕ್ಕಿ, ಬೇಕರಿ ತಿಂಡಿ ಕಡಿಮೆಯಾಗಿದೆ, ಹಾಗಾಗಿ ತಿಂಗಳ ಕೊನೆಗೆ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಮೂರನೇ ತಿಂಗಳಿಗೆ ನಾವು ಒಬ್ಬೊಬ್ಬರಿಗೆ 380 ಗ್ರಾಂ ತನಕ ಬಂದಿದ್ದೇವೆ. ಮಗ ಇನ್ನೂ ಬಸಳೆ ಮುಟ್ಟಲ್ಲ, ಕ್ಯಾರೆಟ್ ಕೋಸಂಬರಿ ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಾನೆ.

ಐದಕ್ಕೆ ನಾಲ್ಕೂವರೆ. ಮಂಗಳವಾರ ರಜೆ. ಚಿಲ್ಲರೆ ಇಟ್ಟುಕೊಂಡು ಹೋಗಿ, ಸ್ಕ್ಯಾನರ್ ಒಂದೊಂದು ದಿನ ಕೆಲಸ ಮಾಡಲ್ಲ. ಹೊನಗೊನ್ನೆ ಬರುವುದು ಭಾನುವಾರ ಮಾತ್ರ, ಏಳು ಗಂಟೆಗೆ ಹೋಗಿ, ಎಂಟಕ್ಕೆಲ್ಲ ಖಾಲಿ ಆಗಿರುತ್ತದೆ.