ಹೊರದೇಶದ ಷೇರಿಗೆ ಬೇರೆ ಫಂಡ್ ಬೇಕಾ? ಮೂರೂ ಇಟ್ಟುಕೊಂಡು ನೋಡಿದೆ

ನನ್ನ ಹತ್ತಿರ ಮೂರು ಖಾತೆಗಳಿವೆ. ಒಂದರಲ್ಲಿ ಬರೀ ಎಸ್ ಅಂಡ್ ಪಿ 500 ಇಂಡೆಕ್ಸ್ ಫಂಡ್, ಅಂದರೆ ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಸೂಚ್ಯಂಕವನ್ನು ಹಾಗೇ ಅನುಸರಿಸುವ ಫಂಡ್. ಎರಡನೆಯದರಲ್ಲಿ ಅದರ ಜೊತೆಗೆ, ಅಮೆರಿಕ ಬಿಟ್ಟು ಉಳಿದ ದೇಶಗಳ (ಇಲ್ಲಿ ಹೊರದೇಶ ಅಂದರೆ ಇವೇ) ಷೇರು ಫಂಡ್, 70ಕ್ಕೆ 30ರಂತೆ. ಮೂರನೆಯದರಲ್ಲಿ ಇಡೀ ಜಗತ್ತಿನ ಷೇರುಗಳಿರುವ ಒಂದೇ ಫಂಡ್.

ಮೊದಲನೆಯದನ್ನು ನಾನು ಆರಿಸಿದ್ದು, ಇಂಡೆಕ್ಸ್ ಫಂಡುಗಳನ್ನು ಜನಪ್ರಿಯ ಮಾಡಿದ ಜಾನ್ ಬೋಗಲ್ ಮಾತು ನಂಬಿ. ಅಮೆರಿಕದ ದೊಡ್ಡ ಕಂಪನಿಗಳು ಹೇಗೂ ಹೊರದೇಶಗಳಲ್ಲಿ ವ್ಯಾಪಾರ ಮಾಡುತ್ತವೆ, ಮತ್ತೆ ಬೇರೆ ಫಂಡ್ ಯಾಕೆ ಅನ್ನೋದು ಅವರ ವಾದ. ಸರಿ ಅನಿಸುತ್ತದೆ, ಅಲ್ವಾ? ಜಪಾನ್ ಕಡೆ ನೋಡಿದ ಮೇಲೆ ನನಗೆ ಅನುಮಾನ ಬಂತು. 1989ರ ಡಿಸೆಂಬರಿನಲ್ಲಿ ಅಲ್ಲಿನ ಷೇರು ಸೂಚ್ಯಂಕ ನಿಕ್ಕೆ ಏರಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಟೊಯೋಟಾ, ಸೋನಿ ಅಷ್ಟೂ ವರ್ಷ ಜಗತ್ತಿಗೆಲ್ಲ ಮಾರುತ್ತಲೇ ಇದ್ದವು! ಸರಕು ಎಲ್ಲಿ ಬೇಕಾದರೂ ಹೋಗಲಿ, ಷೇರಿನ ಬೆಲೆ ಜಾಸ್ತಿ ಕುಣಿಯುವುದು ತನ್ನ ಮಾರುಕಟ್ಟೆಯ ತಾಳಕ್ಕೇ. ಅಮೆರಿಕಕ್ಕೂ ಹೀಗಾಗಿದೆ. 1999ರ ಕೊನೆಗೆ ಎಸ್ ಅಂಡ್ ಪಿ 500ಕ್ಕೆ ದುಡ್ಡು ಹಾಕಿದವರು ಹತ್ತು ವರ್ಷ ಕಾದು, ಡಿವಿಡೆಂಡ್ ಸೇರಿಸಿ ನೋಡಿದರೂ ನಷ್ಟದಲ್ಲೇ ಇದ್ದರು. ಅದೇ ಹತ್ತು ವರ್ಷದಲ್ಲಿ ಎಮರ್ಜಿಂಗ್ ಮಾರ್ಕೆಟ್ (ಭಾರತ, ಚೀನಾದಂಥ ಬೆಳೆಯುತ್ತಿರುವ ದೇಶಗಳ) ಷೇರುಗಳು ದುಪ್ಪಟ್ಟಿಗಿಂತ ಜಾಸ್ತಿ ಆಗಿದ್ದವು.

ಹಾಗಂತ ಎರಡನೇ ಖಾತೆ ಗೆದ್ದಿತಾ? ಇಲ್ಲ, ನಾನೇ ಅದನ್ನು ಕೆಡಿಸಿದೆ. ಆ್ಯಪ್ ತೆರೆದರೆ ಎರಡು ಸಾಲು: ಮೇಲಿನದು ಹಸಿರು, ಕೆಳಗಿನದು ಯಾವಾಗಲೂ ಸಪ್ಪೆ. ಅಮೆರಿಕದ ಷೇರುಗಳು ವರ್ಷಗಟ್ಟಲೆ ಮುಂದಿದ್ದ ಕಾಲ ಅದು. ಕೆಳಗಿನ ಸಾಲನ್ನು ನೋಡಿ ನೋಡಿ ಬೇಜಾರಾಗಿ 30ನ್ನು 20 ಮಾಡಿದೆ, ಆಮೇಲೆ 10. ರೀಬ್ಯಾಲೆನ್ಸ್ ಅಂದರೆ ಮೊದಲು ಅಂದುಕೊಂಡ ಪಾಲಿಗೆ ಮರಳಲು ಹಿಂದೆ ಬಿದ್ದದ್ದನ್ನು ಕೊಳ್ಳುವುದು. ನಾನು ಮಾಡಿದ್ದು ಸರಿಯಾಗಿ ಅದರ ಉಲ್ಟಾ. 2025ರಲ್ಲಿ ಹೊರದೇಶದ ಷೇರುಗಳು ಅಮೆರಿಕವನ್ನು ಹಿಂದೆ ಹಾಕಿದಾಗ ನನ್ನ ಹತ್ತಿರ ಉಳಿದಿದ್ದು ಆ 10 ಮಾತ್ರ.

ಮೂರನೆಯದರಲ್ಲೂ ಇದೇ ಷೇರುಗಳಿದ್ದವು. ಸ್ಯಾಮ್‌ಸಂಗ್, ನೆಸ್ಲೆ, ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ ಎಲ್ಲ. ಆದರೆ ಅಲ್ಲಿ ಕಾಣಿಸುವುದು ಒಂದೇ ಸಾಲು, ಒಂದೇ ಅಂಕಿ. ಯಾವ ದೇಶ ಹಿಂದೆ ಬಿದ್ದಿದೆ ಅಂತ ಹುಡುಕಿದರೆ ಮಾತ್ರ ಗೊತ್ತಾಗುತ್ತದೆ, ನಾನು ಹುಡುಕಲಿಲ್ಲ. ಯಾವ ದೇಶದ ಪಾಲು ಎಷ್ಟು ಅನ್ನೋದು ಮಾರುಕಟ್ಟೆಯ ಗಾತ್ರದ ಮೇಲೆ ತಾನಾಗಿಯೇ ಬದಲಾಗುತ್ತದೆ. ಕೊರತೆ ಇಲ್ಲದೆ ಇಲ್ಲ. ಅರ್ಧಕ್ಕಿಂತ ಜಾಸ್ತಿ ಅಮೆರಿಕವೇ ಇದೆ, ಆ ಪಾಲನ್ನು ಇಳಿಸೋಣ ಅಂದರೆ ನಮ್ಮ ಕೈಯಲ್ಲಿಲ್ಲ. ಖರ್ಚೂ ಬರೀ ಎಸ್ ಅಂಡ್ ಪಿ ಫಂಡಿಗಿಂತ ಚೂರು ಜಾಸ್ತಿ.

ಒಂದು ಭ್ರಮೆ ಬೇಡ: 2008ರಂಥ ವರ್ಷ ಬಂದರೆ ಮೂರೂ ಒಟ್ಟಿಗೇ ಮುಳುಗುತ್ತವೆ. ಆಗ ಎಸ್ ಅಂಡ್ ಪಿ 37% ಇಳಿದರೆ ಹೊರದೇಶದ ಷೇರುಗಳು ಅದಕ್ಕಿಂತ ಜಾಸ್ತಿ ಇಳಿದಿದ್ದವು.

ಈಗ ಹೊಸ ದುಡ್ಡೆಲ್ಲ ಮೂರನೆಯದಕ್ಕೇ ಹೋಗುತ್ತಿದೆ. ಎರಡನೆಯದನ್ನು ಮಾರಿದರೆ ತೆರಿಗೆ ಕಟ್ಟಬೇಕಲ್ಲ ಅಂತ ಸುಮ್ನೆ ಬಿಟ್ಟಿದ್ದೇನೆ. ಆ್ಯಪಿನಲ್ಲಿ ಅದರ ಸಾಲನ್ನು ಮರೆಮಾಡುವ ಬಟನ್ ಒಂದಿದೆ. ಅದನ್ನೂ ಒತ್ತಿದ್ದಾಯಿತು.